ದ್ರಾಕ್ಷಿ ನಾಡಿನಲ್ಲಿ ಸೈಕಲ್ ಪ್ರವಾಸ: ರೈತನಿಗೇನು ಲಾಭ?

ನಮ್ಮ ಹಳ್ಳಿಗಳಲ್ಲಿ ಸೈಕಲ್ ಎಂದರೆ ದುಡಿಮೆಯ ಸಾಧನ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಹೊತ್ತು ಅದು ನಮ್ಮೊಡನೆ ಸವೆದಿದೆ. ರಜೆ ಹಾಕಿ, ಕೈಯಿಂದ ಹಣ ಕೊಟ್ಟು, ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯುವುದಕ್ಕೆಂದೇ ಪರದೇಶಕ್ಕೆ ಹೋಗುವವರಿದ್ದಾರೆ ಎಂದರೆ ನಗು ಬಂದೀತು. ಆದರೆ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಇದೊಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಹಾಗೆ ಬಂದವರು ಮುಖ್ಯವಾಗಿ ನೋಡುವುದು ಅರಮನೆಯನ್ನಲ್ಲ, ರೈತನ ಹೊಲವನ್ನು. ಹೊಲ ನೋಡಲು ಬಂದವನಿಂದ ಹೊಲದ ಯಜಮಾನನಿಗೆ ಸಿಗುವುದೇನು ಎಂಬುದನ್ನು ನಮ್ಮ ರೈತರೂ, ಅದರಲ್ಲೂ ದ್ರಾಕ್ಷಿ ಬೆಳೆಗಾರರು, ತಿಳಿದುಕೊಳ್ಳುವುದು ಒಳ್ಳೆಯದು.

ಪ್ರವಾಸದ ವ್ಯವಸ್ಥೆ

ಫ್ರಾನ್ಸಿನ ದಕ್ಷಿಣದಲ್ಲಿ ರೋನ್ ಎಂಬ ದೊಡ್ಡ ನದಿ ಉತ್ತರದಿಂದ ಸಮುದ್ರದ ಕಡೆಗೆ ಹರಿಯುತ್ತದೆ. ಅದರ ಪೂರ್ವಕ್ಕೆ ಪ್ರೊವಾನ್ಸ್ ಪ್ರಾಂತ. ನದಿಯ ಬಯಲಿನಲ್ಲಿ ಮೈಲಿಗಟ್ಟಲೆ ದ್ರಾಕ್ಷಿ. ಬಯಲು ಮುಗಿದಲ್ಲಿ 1,910 ಮೀಟರ್ ಎತ್ತರದ ವೆಂಟೂ ಬೆಟ್ಟ. ಬಯಲೂ ಬೆಟ್ಟವೂ ಒಂದೇ ವಾರದ ಸವಾರಿಗೆ ಸಿಗುವುದರಿಂದ ಸೈಕಲ್ ಸವಾರರಿಗೆ ಈ ಸೀಮೆ ಅಚ್ಚುಮೆಚ್ಚು.

ಪ್ರವಾಸ ಏರ್ಪಡಿಸುವ ಸಂಸ್ಥೆ ಸಾಮಾನ್ಯವಾಗಿ ಹತ್ತು ಹದಿನೈದು ಜನರ ತಂಡ ಕಟ್ಟುತ್ತದೆ. ದಾರಿ ಬಲ್ಲ ಮಾರ್ಗದರ್ಶಿಯೊಬ್ಬ ತಂಡದ ಜೊತೆ ಸೈಕಲ್ಲಿನಲ್ಲಿಯೇ ಸಾಗುತ್ತಾನೆ. ಹಿಂದಿನಿಂದ ಒಂದು ವ್ಯಾನು. ಸವಾರರ ಪೆಟ್ಟಿಗೆ, ಕುಡಿಯುವ ನೀರು, ಹಣ್ಣು, ಹೆಚ್ಚುವರಿ ಚಕ್ರ, ಟ್ಯೂಬು, ಪಂಪು ಎಲ್ಲ ಅದರಲ್ಲಿ. ಕಾಲು ಸೋತವನನ್ನು ಹತ್ತಿಸಿಕೊಳ್ಳುವುದೂ ಅದೇ ವ್ಯಾನು. ಬೆಳಿಗ್ಗೆ ಹೊರಟು, ಮಧ್ಯಾಹ್ನ ಹಳ್ಳಿಯೊಂದರಲ್ಲಿ ಊಟ ಮಾಡಿ, ಸಂಜೆಗೆ ಮತ್ತೊಂದು ಹಳ್ಳಿ ಸೇರುವುದು ದಿನಚರಿ. ವಸಂತದ ಕೊನೆ ಮತ್ತು ಸೆಪ್ಟೆಂಬರ್ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜೋರು. ಚಳಿಗಾಲದಲ್ಲಿ ಹಿಮ ಬಿದ್ದು ಬೆಟ್ಟದ ತುದಿಯ ರಸ್ತೆ ಮುಚ್ಚಿರುತ್ತದೆ.

ಹಳ್ಳಿಯಿಂದ ಹಳ್ಳಿಗೆ ಹೋಗುವ ಕಿರಿದಾದ ಡಾಂಬರು ರಸ್ತೆಗಳೇ ಇವರ ದಾರಿ. ಊರ ಹೊರಗೆ ಸೈಕಲ್ ಸವಾರನನ್ನು ಹಿಂದೆ ಹಾಕುವ ಮೋಟಾರು ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿನ ಕಾನೂನು. ಕುಡಿದು ವಾಹನ ನಡೆಸಬಾರದೆಂಬ ನಿಯಮ ಸೈಕಲ್ ಸವಾರನಿಗೂ ಉಂಟು. ಹೀಗಾಗಿ ದ್ರಾಕ್ಷಿ ಮದ್ಯದ ನಾಡಿಗೆ ಬಂದರೂ ವೈನಿನ ರುಚಿ ನೋಡುವ ಕೆಲಸವನ್ನು ಬಹಳ ಮಂದಿ ಸಂಜೆಗೆ, ಸೈಕಲ್ ನಿಲ್ಲಿಸಿದ ಮೇಲೆ ಇಟ್ಟುಕೊಳ್ಳುತ್ತಾರೆ. ಕುಡಿತದ ಗುಣದೋಷ ಈ ಲೇಖನದ ವಿಷಯವಲ್ಲ. ನಮಗೆ ಬೇಕಾದುದು ಬೆಳೆ ಮತ್ತು ಮಾರಾಟದ ಸಂಗತಿ.

ಕಲ್ಲಿನ ನೆಲದಲ್ಲಿ ಬೆಲೆಬಾಳುವ ಬೆಳೆ

ಇಂಥ ತಂಡಗಳು ತಪ್ಪದೆ ಹಾದುಹೋಗುವ ಊರು ಶಾತೋನಫ್ ದ್ಯು ಪಾಪ್. 'ಪೋಪರ ಹೊಸ ಕೋಟೆ' ಎಂದು ಅದರ ಅರ್ಥ. ಕ್ರೈಸ್ತರ ಧರ್ಮಗುರುಗಳಾದ ಪೋಪರು 1309ರಿಂದ 1377ರವರೆಗೆ ರೋಮ್ ಬಿಟ್ಟು ಸಮೀಪದ ಅವಿನ್ಯೋನ್ ಪಟ್ಟಣದಲ್ಲಿದ್ದರು. ಅವರ ನೆನಪಿನ ಹೆಸರಿದು.

ಇಲ್ಲಿನ ಅನೇಕ ತೋಟಗಳಲ್ಲಿ ಮಣ್ಣೇ ಕಾಣದು. ಮುಷ್ಟಿ ಗಾತ್ರದ, ತೆಂಗಿನಕಾಯಿ ಗಾತ್ರದ ನುಣುಪು ಉರುಟು ಕಲ್ಲುಗಳು. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ, ಕೆಳಗಿನ ತೇವ ಬೇಗ ಆರದಂತೆ ತಡೆಯುತ್ತದೆ. ನಮ್ಮ ಹಾಗೆ ಎತ್ತರದ ಚಪ್ಪರವಿಲ್ಲ. ಗ್ರೆನಾಶ್ ಎಂಬ ಮುಖ್ಯ ತಳಿಯನ್ನು ಮೊಣಕಾಲೆತ್ತರದ ಪೊದೆಯಂತೆ ಸವರಿ ಬೆಳೆಸುತ್ತಾರೆ. ಉತ್ತರದಿಂದ ಬೀಸುವ 'ಮಿಸ್ಟ್ರಲ್' ಎಂಬ ಬಿರುಗಾಳಿಗೆ ಇಂಥ ಗಿಡ್ಡ ಬಳ್ಳಿ ತಡೆಯುತ್ತದೆ. ಗಾಳಿಯ ಹೊಡೆತ ತಪ್ಪಿಸಲು ಆ ಸೀಮೆಯ ಹೊಲಗಳ ಅಂಚಿಗೆ ಸೈಪ್ರೆಸ್ ಮರಗಳ ಸಾಲು ನೆಟ್ಟಿರುತ್ತಾರೆ. ಸವಾರನಿಗೆ ಶತ್ರುವಾದ ಈ ಒಣ ಗಾಳಿ ಬೆಳೆಗಾರನಿಗೆ ಮಿತ್ರ. ಎಲೆ, ಗೊಂಚಲುಗಳ ತೇವವನ್ನು ಬೇಗ ಆರಿಸಿ ಶಿಲೀಂಧ್ರ ರೋಗಗಳನ್ನು ಹಿಡಿತದಲ್ಲಿಡುತ್ತದೆ.

ಇಳುವರಿಯ ವಿಷಯ ಕೇಳಿದರೆ ನಮ್ಮವರು ಅಚ್ಚರಿಪಡಬೇಕು. ಈ ಊರಿನ ಹೆಸರಿನಲ್ಲಿ ವೈನ್ ಮಾರಬೇಕಾದರೆ ಹೆಕ್ಟೇರಿಗೆ 35 ಹೆಕ್ಟೋಲೀಟರ್ ಮಿತಿ. ಎಂದರೆ ಎಕರೆಗೆ ಸುಮಾರು 1,400 ಲೀಟರ್. ಹಣ್ಣಿನ ಲೆಕ್ಕದಲ್ಲಿ ಎಕರೆಗೆ ಎರಡು ಟನ್ನಿನ ಆಸುಪಾಸು! ಹಣ್ಣನ್ನು ಯಂತ್ರದಿಂದ ಕೊಯ್ಯುವಂತಿಲ್ಲ, ಕೈಯಿಂದಲೇ ಕೊಯ್ದು ಆರಿಸಬೇಕು. ಹೆಚ್ಚು ಬೆಳೆದವನಿಗೆ ಬಹುಮಾನ ಕೊಡುವ ನಮಗೆ, ಹೆಚ್ಚು ಬೆಳೆಯಬಾರದೆಂಬ ಕಟ್ಟಳೆ ವಿಚಿತ್ರವಾಗಿ ಕಾಣುತ್ತದೆ.

ಈ ಕಟ್ಟಳೆಯನ್ನು ಮೊದಲು ಬೇಡಿದವರು ರೈತರೇ. ಊರಿನ ಹೆಸರು ಹಾಕಿ ಬೇರೆ ಕಡೆಯ ವೈನ್ ಮಾರುವ ಮೋಸ ಹೆಚ್ಚಿದಾಗ, 1923ರಲ್ಲಿ ಬೆಳೆಗಾರರು ಸಂಘ ಕಟ್ಟಿದರು. ಬೆಳೆಗಾರರೂ ಕಾನೂನು ಬಲ್ಲವರೂ ಆಗಿದ್ದ ಬಾರನ್ ಲ ರ್ವಾ ಎಂಬವರು ಮುಂದಾಳು. ಯಾವ ನೆಲ, ಯಾವ ತಳಿ, ಹೇಗೆ ಸವರಬೇಕು ಎಂದು ತಮಗೆ ತಾವೇ ನಿಯಮ ಹಾಕಿಕೊಂಡು ಕೋರ್ಟಿಗೆ ಹೋದರು. ಇಡೀ ದೇಶಕ್ಕೆ ಇಂಥ ಕಾನೂನು ಬಂದದ್ದು 1935ರಲ್ಲಿ. ಮರುವರ್ಷವೇ ಈ ಊರಿಗೆ ಮಾನ್ಯತೆ ಸಿಕ್ಕಿತು. ಸೀಸೆಯ ಮೇಲಿನ ಊರ ಹೆಸರು ಅಲ್ಲಿಂದ ಮುಂದೆ ಬೆಳೆಗಾರರ ಸಾಮೂಹಿಕ ಆಸ್ತಿ.

ಬೇರಿಗೆ ಬಿದ್ದ ಪಿಡುಗು

ಈ ದಾರಿಯ ಹಳೆಯ ಕಥೆಯೊಂದು ನಮ್ಮ ಬೆಳೆಗಾರರಿಗೆ ತಿಳಿದಿರಬೇಕು. 1860ರ ದಶಕದ ಆರಂಭದಲ್ಲಿ ಇದೇ ರೋನ್ ನದಿಯ ಆಚೆ ದಡದ ತೋಟಗಳಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಸಸ್ಯ ವಿಜ್ಞಾನಿ ಪ್ಲಾಂಶೋನ್ ಮತ್ತು ಸಂಗಡಿಗರು ಬಳ್ಳಿಗಳ ಬೇರು ಅಗೆದು ನೋಡಿದಾಗ ಹೇನಿನಂಥ ಹಳದಿ ಕೀಟಗಳು ಕಂಡವು. ಅದೇ ಫಿಲಾಕ್ಸೆರಾ. ಅಮೆರಿಕದಿಂದ ತರಿಸಿದ ಸಸಿಗಳೊಡನೆ ಬಂದಿತ್ತು. ಕೆಲವೇ ದಶಕಗಳಲ್ಲಿ ಫ್ರಾನ್ಸಿನ ತೋಟಗಳನ್ನು ಅದು ಬಹುಮಟ್ಟಿಗೆ ಹಾಳುಮಾಡಿತು.

ಪರಿಹಾರವೂ ಅಮೆರಿಕದಿಂದಲೇ ಬಂತು. ಅಲ್ಲಿನ ಕಾಡು ದ್ರಾಕ್ಷಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತದೆ. ಆ ಬೇರಿನ ಮೇಲೆ ತಮ್ಮ ತಳಿಯನ್ನು ಕಸಿ ಮಾಡಿ ರೈತರು ತೋಟಗಳನ್ನು ಮತ್ತೆ ಎಬ್ಬಿಸಿದರು. ಇಂದಿಗೂ ಅಲ್ಲಿನ ಬಹುಪಾಲು ಬಳ್ಳಿಗಳು ಹೀಗೆ ಕಸಿಯಾದವೇ. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರು 'ಡಾಗ್ ರಿಡ್ಜ್' ಬೇರಿನ ಮೇಲೆ ಕಸಿ ಮಾಡುವುದೂ ಇದೇ ವಿದ್ಯೆ. ಉದ್ದೇಶ ಮಾತ್ರ ಬೇರೆ: ನಮ್ಮಲ್ಲಿ ಅದು ಸವಳು ನೀರು ಮತ್ತು ಬರವನ್ನು ತಾಳಲಿ ಎಂದು.

ಬೆಟ್ಟದ ಏರು

ಪ್ರವಾಸದ ಕಷ್ಟದ ದಿನ ವೆಂಟೂ ಬೆಟ್ಟದ್ದು. ಮೇಲೇರಲು ಮೂರು ದಾರಿ. ಬೆದ್ವಾನ್ ಹಳ್ಳಿಯಿಂದ ಹೊರಡುವ ದಾರಿ ಹೆಸರಾದದ್ದು. ಸುಮಾರು 21 ಕಿಲೋಮೀಟರ್ ಉದ್ದ, 1,600 ಮೀಟರ್ ಏರು. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರವಿದ್ದರೂ ಬುಡದಿಂದ ಸವಾರ ಏರುವುದು ಐನೂರು ಮೀಟರಿನ ಆಸುಪಾಸು. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಂತೆ ಇದು. ಮೊದಲ ಐದಾರು ಕಿಲೋಮೀಟರ್ ದ್ರಾಕ್ಷಿಯ ನಡುವೆ ಸುಲಭ. ಕಾಡು ಹೊಕ್ಕ ಮೇಲೆ ನೂರು ಅಡಿ ಸಾಗಿದರೆ ಒಂಬತ್ತು ಹತ್ತು ಅಡಿ ಏರು. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು ಇರುವ ಗೇರಿಗೆ ಚೈನು ಬದಲಿಸಿ, ಆತುರಪಡದೆ ತುಳಿಯಬೇಕು. ಕೊನೆಯ ಆರು ಕಿಲೋಮೀಟರ್ ಮರವಿಲ್ಲ, ನೆರಳಿಲ್ಲ, ಬರೀ ಬಿಳಿ ಸುಣ್ಣಕಲ್ಲು.

ಈ ಏರನ್ನು ಹಗುರವಾಗಿ ತೆಗೆದುಕೊಂಡವರು ಪಾಡುಪಟ್ಟಿದ್ದಾರೆ. 1967ರ ಜುಲೈ 13ರಂದು 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ತುದಿಗೆ ಸ್ವಲ್ಪ ದೂರವಿರುವಾಗ ಕುಸಿದು ಪ್ರಾಣಬಿಟ್ಟರು. ಉರಿಬಿಸಿಲು, ಬಳಲಿಕೆಗಳ ಜೊತೆಗೆ ಉತ್ತೇಜಕ ಔಷಧಿಯೂ ದೇಹದಲ್ಲಿ ಪತ್ತೆಯಾಯಿತು. ಅವರ ಸ್ಮಾರಕ ರಸ್ತೆಯ ಪಕ್ಕದಲ್ಲಿದೆ. 2016ರಲ್ಲಿ ಗಾಳಿಯ ರಭಸಕ್ಕೆ ಪಂದ್ಯದ ಗುರಿಯನ್ನೇ ಆರು ಕಿಲೋಮೀಟರ್ ಕೆಳಗಿಳಿಸಬೇಕಾಯಿತು. ಬಾಯಾರುವ ಮೊದಲೇ ನೀರು ಕುಡಿಯಿರಿ, ಇಳಿಯುವಾಗ ಬೆಚ್ಚನೆಯ ಅಂಗಿ ತೊಡಿರಿ ಎಂದು ಮಾರ್ಗದರ್ಶಿ ಒತ್ತಾಯಿಸುವುದು ಇದಕ್ಕೇ.

ಬೆಟ್ಟದ ಕಾಡೂ ಮನುಷ್ಯನ ದುಡಿಮೆಯ ಫಲ. ಹಡಗು ಕಟ್ಟಲು, ಸೌದೆಗೆ, ಇದ್ದಿಲಿಗೆ ಮರ ಕಡಿದು, ಕುರಿ ಮೇಯಿಸಿ ಬೆಟ್ಟ ಬೋಳಾಗಿತ್ತು. ಮಳೆ ಬಂದರೆ ಮಣ್ಣೆಲ್ಲ ಕೆಳಗಿನ ಹೊಲಗಳಿಗೆ. 1860ರ ದಶಕದಿಂದ ಪೈನ್, ಓಕ್, ದೇವದಾರು ಜಾತಿಯ ಮರಗಳನ್ನು ನೆಟ್ಟು ಬೆಳೆಸಿದರು. 1990ರಲ್ಲಿ ಯುನೆಸ್ಕೋ ಈ ಬೆಟ್ಟವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು.

ಪೂರ್ವಕ್ಕೆ ಇಳಿದರೆ ಸೋ ಎಂಬ ಪುಟ್ಟ ಊರು. ಅಲ್ಲಿ ಲ್ಯಾವೆಂಡರ್ ಎಂಬ ಸುಗಂಧ ಬೆಳೆ. ಜುಲೈನಲ್ಲಿ ಹೊಲವೆಲ್ಲ ನೇರಳೆ ಬಣ್ಣ. ಹೂ ಕೊಯ್ದು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ತೆಳು ಕಲ್ಲುನೆಲದಲ್ಲಿ, ಮಳೆಯಾಶ್ರಯದಲ್ಲಿ ಬರುವ ಈ ಬೆಳೆ, ಕಣ್ಣಿಗೆ ಹಬ್ಬವಾಗಿ ಸವಾರರನ್ನೂ ಸೆಳೆಯುತ್ತದೆ.

ಹಣ ಯಾರ ಕೈಗೆ?

ಪ್ರವಾಸಿ ಕೊಡುವ ಶುಲ್ಕ ಮೊದಲು ಸೇರುವುದು ಪ್ರವಾಸ ಸಂಸ್ಥೆಗೆ, ಅಲ್ಲಿಂದ ಹೋಟೆಲಿಗೆ, ಮಾರ್ಗದರ್ಶಿಗೆ, ವ್ಯಾನಿಗೆ. ಹೊಲದ ಅಂದ ನೋಡಿ ಚಿತ್ರ ತೆಗೆದುಕೊಂಡು ಹೋದರೆ ರೈತನಿಗೆ ಬಿಡಿಗಾಸೂ ಇಲ್ಲ. ಪ್ರೊವಾನ್ಸಿನ ರೈತರು ಇದಕ್ಕೆ ಮೂರು ದಾರಿ ಕಂಡುಕೊಂಡಿದ್ದಾರೆ.

ಮೊದಲನೆಯದು, ತೋಟದ ಬಾಗಿಲಲ್ಲಿ ಮಾರಾಟ. ಬೆಳೆಗಾರನ ಮನೆಯಲ್ಲೋ, ಸಣ್ಣ ಹಿಡುವಳಿದಾರರ ಸಹಕಾರ ಸಂಘದಲ್ಲೋ ರುಚಿ ನೋಡಿ ಕೊಳ್ಳುವ ಕೋಣೆ ಇರುತ್ತದೆ. ಸವಾರ ಸೀಸೆ ಹೊರಲಾರ. ವ್ಯಾನು ಹೊರುತ್ತದೆ, ಇಲ್ಲವೇ ಮನೆಗೆ ಪಾರ್ಸಲ್ ಕಳಿಸುತ್ತಾರೆ. ಒಮ್ಮೆ ಬಂದವನು ವರ್ಷವರ್ಷವೂ ತರಿಸಿಕೊಳ್ಳುವ ಗಿರಾಕಿಯಾಗಬಲ್ಲ.

ಎರಡನೆಯದು, ವಸತಿ. ಹಳ್ಳಿ ಬಿಟ್ಟು ಜನ ಪಟ್ಟಣ ಸೇರುತ್ತಿದ್ದ ಕಾಲದಲ್ಲಿ, ರೈತನ ಖಾಲಿ ಮನೆಯನ್ನು ದುರಸ್ತಿ ಮಾಡಿ ಪ್ರವಾಸಿಗೆ ಬಾಡಿಗೆ ಕೊಡುವ ಯೋಜನೆ ಹುಟ್ಟಿತು. ಮೊದಲ ಮನೆ 1951ರಲ್ಲಿ ಪ್ರೊವಾನ್ಸಿನ ಬೆಟ್ಟಸೀಮೆಯಲ್ಲೇ ತೆರೆಯಿತು. 1955ರಲ್ಲಿ ಇಡೀ ದೇಶಕ್ಕೆ ಒಂದು ಒಕ್ಕೂಟವಾಯಿತು.

ಮೂರನೆಯದು, ಹೆಸರು. ವೆಂಟೂ ಬೆಟ್ಟದ ಬುಡದಲ್ಲಿ ಬೆಳೆಯುವ ಕಪ್ಪು ಮಸ್ಕಟ್ ದ್ರಾಕ್ಷಿ ವೈನಿಗಲ್ಲ, ತಿನ್ನುವುದಕ್ಕೆ. 'ಮಸ್ಕಟ್ ದ್ಯು ವೆಂಟೂ' ಎಂಬ ಹೆಸರಿಗೆ 1997ರಲ್ಲಿ ಮಾನ್ಯತೆ ಪಡೆದಿದ್ದಾರೆ. ಸಿಹಿ, ಬಣ್ಣ, ಗೊಂಚಲುಗಳಿಗೆ ನಿಯಮವಿದೆ. ನಿಯಮಕ್ಕೆ ಒಪ್ಪದ ಹಣ್ಣಿಗೆ ಆ ಹೆಸರಿಲ್ಲ.

ಇಷ್ಟಾದರೂ ಅಲ್ಲಿನ ರೈತ ನಿಶ್ಚಿಂತನಲ್ಲ. ಫ್ರಾನ್ಸಿನಲ್ಲಿ ವೈನ್ ಕುಡಿಯುವುದು ದಶಕಗಳಿಂದ ಇಳಿಯುತ್ತ ಬಂದು ಕೆಂಪು ವೈನಿನ ಬೇಡಿಕೆ ಕುಸಿದಿದೆ. 2024ರ ಅಕ್ಟೋಬರಿನಲ್ಲಿ, 30,000 ಹೆಕ್ಟೇರುಗಳವರೆಗೆ ದ್ರಾಕ್ಷಿ ಕೀಳುವ ರೈತರಿಗೆ ಹೆಕ್ಟೇರಿಗೆ 4,000 ಯೂರೋ ಪರಿಹಾರ ಕೊಡುವ ಸರಕಾರದ ಯೋಜನೆಗೆ ಐರೋಪ್ಯ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಪ್ರವಾಸಿ ಉಪ ಆದಾಯ ತಂದಾನೇ ಹೊರತು ಬೆಳೆಗೆ ನ್ಯಾಯವಾದ ಬೆಲೆಯ ಬದಲಿಗೆ ನಿಲ್ಲಲಾರ. ಸವಾರ ಬರುವುದೇ ತೋಟ ಇರುವುದರಿಂದ. ತೋಟ ಕಿತ್ತ ಊರಿಗೆ ಅವನೇಕೆ ಬಂದಾನು?

ನಮ್ಮ ಬೆಳೆಗಾರರಿಗೆ

ನಂದಿಬೆಟ್ಟದ ರಸ್ತೆಯಲ್ಲಿ ಭಾನುವಾರ ಮುಂಜಾನೆ ಬೆಂಗಳೂರಿನಿಂದ ಬರುವ ಸೈಕಲ್ ಸವಾರರನ್ನು ಆ ಭಾಗದವರು ನೋಡಿಯೇ ಇದ್ದೀರಿ. ಅಲ್ಲಿಯೂ ದಾರಿಯ ಎರಡೂ ಕಡೆ ದ್ರಾಕ್ಷಿ. ಅಂಥ ಕಡೆ ದೊಡ್ಡ ಬಂಡವಾಳವಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ.

ರಸ್ತೆ ಬದಿ ನೆರಳಿನಲ್ಲಿ ಕುಡಿಯುವ ನೀರು, ತೊಳೆದ ಹಣ್ಣು, ಊರಿನ ಹೆಸರು ಮತ್ತು ದರ ಬರೆದ ಫಲಕ ಇಡಿ. ನಾಲ್ಕಾರು ರೈತರು ಸೇರಿದರೆ ಸರದಿಯ ಮೇಲೆ ನೋಡಿಕೊಳ್ಳಬಹುದು. ಔಷಧಿ ಸಿಂಪಡಿಸಿದ ತೋಟಕ್ಕೆ ಯಾರನ್ನೂ ಬಿಡಬೇಡಿ. ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಹಣ್ಣು ಕೊಯ್ಯಬೇಡಿ. 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಗೊತ್ತುಪಡಿಸಿದ ಪ್ರದೇಶದ ಬೆಳೆಗಾರರು ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ವೈನ್ ತಯಾರಿಕೆಗಾಗಲಿ ಮಾರಾಟಕ್ಕಾಗಲಿ ಪರವಾನಗಿ ಇಲ್ಲದೆ ಕೈಹಾಕಬೇಡಿ, ಅದು ಅಪರಾಧ. ಹಣ್ಣು, ಒಣದ್ರಾಕ್ಷಿ, ಆಗಲೇ ಹಿಂಡಿದ ರಸ ಇವುಗಳಿಂದ ಆರಂಭಿಸಬಹುದು.

ಯಾವುದಕ್ಕೂ ಮೊದಲು, ಒಂದು ಹಂಗಾಮು ದಾರಿಯಲ್ಲಿ ಎಷ್ಟು ಜನ ನಿಲ್ಲುತ್ತಾರೆ, ಏನು ಕೇಳುತ್ತಾರೆ ಎಂದು ಲೆಕ್ಕ ಬರೆದಿಡಿ. ಆ ಲೆಕ್ಕದ ಪುಸ್ತಕ ಹಿಡಿದು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋದರೆ ಮುಂದಿನ ಮಾತು ಸುಲಭವಾಗುತ್ತದೆ.