ದಿನಕ್ಕೊಂದು ಚಿತ್ರ: ಮನೆ, ಕೊಟ್ಟಿಗೆ, ಹೊಲಗಳ ನಿತ್ಯದ ದಾಖಲೆ

ಹಳ್ಳಿಯ ಮನೆಗಳಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿರುವ ಛಾಯಾಚಿತ್ರಗಳು ಬಹುತೇಕ ಮದುವೆ, ನಾಮಕರಣ, ಜಾತ್ರೆ ಅಥವಾ ತೀರ್ಥಯಾತ್ರೆಯವು. ಹೊಸ ಬಟ್ಟೆ ತೊಟ್ಟು, ಸ್ಟುಡಿಯೋದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತವರ ಚಿತ್ರಗಳು. ಮೊರದಲ್ಲಿ ರಾಗಿ ಕೇರುತ್ತಿರುವ ಅಜ್ಜಿಯ ಚಿತ್ರವಾಗಲಿ, ಕಣದಲ್ಲಿ ಗುಂಡು ಎಳೆಯುತ್ತಿರುವ ಎತ್ತುಗಳ ಚಿತ್ರವಾಗಲಿ, ಹಗೇವಿನ ಬಾಯಿ ತೆರೆದು ರಾಗಿ ಮೇಲೆತ್ತುವ ದಿನದ ಚಿತ್ರವಾಗಲಿ ಸಿಗುವುದು ಅಪರೂಪ. ಇದಕ್ಕೆ ಕಾರಣವೂ ಇತ್ತು. ಫಿಲ್ಮ್ ಸುರುಳಿಯೊಂದರಲ್ಲಿ ಸಾಮಾನ್ಯವಾಗಿ 36 ಚಿತ್ರಗಳಿಗಷ್ಟೇ ಅವಕಾಶ; ಅದನ್ನು ತೊಳೆಸಿ ಮುದ್ರಿಸುವ ಖರ್ಚು ಬೇರೆ. ದಿನವೂ ಕಣ್ಣೆದುರು ಇರುವುದಕ್ಕೆ ಹಣ ತೆರಲು ಯಾರೂ ಸಿದ್ಧರಿರಲಿಲ್ಲ. ಹೀಗಾಗಿ ಕಣ ಹೋದದ್ದು ಯಾವ ವರ್ಷ, ಕೂರಿಗೆ ಅಟ್ಟ ಸೇರಿದ್ದು ಯಾವಾಗ ಎಂದು ಕೇಳಿದರೆ ಮನೆಯ ಹಿರಿಯರೂ ತಡವರಿಸುತ್ತಾರೆ.

ಈಗ ಆ ಖರ್ಚಿಲ್ಲ. ಮೊಬೈಲ್ ಫೋನು ಹೊಲಕ್ಕೂ ಬಂದಿದೆ. ಆದರೆ ಹಳೆಯ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ರೈತರ ಫೋನಿನಲ್ಲಿ ಬೆಳೆಯ ಚಿತ್ರವೇನಾದರೂ ಇದ್ದರೆ ಅದು ಬೆಳೆ ಕೆಟ್ಟ ಮೇಲೆ ತೆಗೆದದ್ದು. ಕೆಡುವ ಮುಂಚೆ ಅದು ಹೇಗಿತ್ತು ಎಂಬುದಕ್ಕೆ ಚಿತ್ರವಿಲ್ಲದಿದ್ದರೆ ಕೆಟ್ಟ ಮೇಲಿನ ಚಿತ್ರ ಅರ್ಧ ಸಾಕ್ಷಿ ಮಾತ್ರ. ದಿನಕ್ಕೊಂದು ಚಿತ್ರ ತೆಗೆದಿಡುವ ಅಭ್ಯಾಸದ ಪ್ರಯೋಜನ ಇಲ್ಲಿಯೇ ಇರುವುದು. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಅದರ ಹಿಂದಿನ ದಿನದ ಚಿತ್ರ ಇರಬೇಕು.

ಈ ಅಭ್ಯಾಸ ಮೊಬೈಲಿನೊಡನೆ ಹುಟ್ಟಿದ್ದಲ್ಲ. ಅಮೆರಿಕೆಯ ಜೇಮಿ ಲಿವಿಂಗ್‌ಸ್ಟನ್ ಎಂಬ ಚಲನಚಿತ್ರ ಛಾಯಾಗ್ರಾಹಕ 1979ರ ಮಾರ್ಚ್ 31ರಂದು ಪೋಲರಾಯ್ಡ್ ಕ್ಯಾಮರಾದಿಂದ ದಿನಕ್ಕೊಂದೇ ಚಿತ್ರ ತೆಗೆಯಲು ಆರಂಭಿಸಿ, 1997ರ ಅಕ್ಟೋಬರ್ 25ರಂದು ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅದನ್ನು ಮುಂದುವರಿಸಿದ. ಆರು ಸಾವಿರಕ್ಕೂ ಹೆಚ್ಚಿನ ಆ ಚಿತ್ರಗಳಲ್ಲಿ ಹೆಚ್ಚಿನವು ಊಟದ ಮೇಜು, ಗೆಳೆಯರು, ಬೀದಿ, ಕೋಣೆಗಳವು. ಬಿಡಿಯಾಗಿ ನೋಡಿದರೆ ಅಷ್ಟೇನೂ ವಿಶೇಷವೆನಿಸದ ಚಿತ್ರಗಳೂ ಸಾಲಾಗಿ ಜೋಡಿಸಿದಾಗ ಹದಿನೆಂಟು ವರ್ಷಗಳ ಒಂದು ಬದುಕಾಗಿ ಕಾಣುತ್ತವೆ. ವಿಜ್ಞಾನಿಗಳೂ ಇದೇ ತತ್ವವನ್ನು ಬಳಸಿಕೊಂಡಿದ್ದಾರೆ. ಅಮೆರಿಕೆಯಲ್ಲಿ 2008ರಲ್ಲಿ ಆರಂಭವಾದ ಫೀನೋಕ್ಯಾಮ್ ಜಾಲದಲ್ಲಿ ಕಾಡು, ಹುಲ್ಲುಗಾವಲು, ಹೊಲಗಳ ಮೇಲೆ ಒಂದೇ ಕಡೆ ನೆಟ್ಟ ಕ್ಯಾಮರಾಗಳು ನಿತ್ಯವೂ ಚಿತ್ರ ತೆಗೆಯುತ್ತವೆ. ಚಿಗುರು ಯಾವ ದಿನ ಬಂತು, ಎಲೆ ಯಾವಾಗ ಹಣ್ಣಾಯಿತು ಎಂಬುದನ್ನು ಚಿತ್ರದ ಹಸಿರಿನಿಂದಲೇ ಅಳೆಯುತ್ತಾರೆ. ರೈತನಿಗೆ ಅಂಥ ಉಪಕರಣ ಬೇಕಿಲ್ಲ. ದಿನವೂ ಒಂದೇ ಜಾಗದಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಸಾಕು.

ಹಳದಿ ಎಲೆ ಹೇಳುವುದೇನು?

ಬೆಳೆ ಹಳದಿಯಾಗಿದೆ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಬಹಳ. ತಜ್ಞರು ಮೊದಲು ಕೇಳುವುದು, ಹಳದಿ ಮೊದಲು ಕಂಡದ್ದು ಕೆಳಗಿನ ಎಲೆಯಲ್ಲೋ ಸುಳಿಯಲ್ಲೋ ಎಂದು. ಈ ಪ್ರಶ್ನೆಗೆ ಅರ್ಥವಿದೆ. ಸಾರಜನಕ ಕಡಿಮೆಯಾದಾಗ ಗಿಡವು ಹಳೆಯ ಎಲೆಯಲ್ಲಿರುವುದನ್ನು ತೆಗೆದು ಚಿಗುರಿಗೆ ಒದಗಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಮುಸುಕಿನ ಜೋಳದಲ್ಲಿ ಈ ಹಳದಿ ಎಲೆಯ ತುದಿಯಿಂದ ಹೊರಟು ನಡುನರದ ಗುಂಟ ಒಳಕ್ಕೆ ಇಳಿಯುತ್ತದೆ. ಪೊಟ್ಯಾಷ್ ಕೊರತೆಯೂ ಹಳೆಯ ಎಲೆಯಲ್ಲಿಯೇ ಕಾಣುವುದಾದರೂ ಅದು ಅಂಚಿನ ಗುಂಟ ಸುಟ್ಟಂತೆ ಬರುತ್ತದೆ. ಕಬ್ಬಿಣದ ಕೊರತೆ ಇದಕ್ಕೆ ತೀರ ವಿರುದ್ಧ. ಕಬ್ಬಿಣವು ಹಳೆಯ ಎಲೆಯಿಂದ ಸುಲಭವಾಗಿ ಕದಲುವುದಿಲ್ಲ. ಆದ್ದರಿಂದ ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಬಿಳಿಚಿಕೊಳ್ಳುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಭೂಮಿಯ ನೆಲಗಡಲೆಯಲ್ಲಿ ಇದನ್ನು ಕಾಣಬಹುದು.

ಆರಂಭದ ಕೆಲವು ದಿನಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುವಂತಿರುತ್ತದೆ. ಎರಡು ವಾರ ಕಳೆದು ಗಿಡವೆಲ್ಲ ಹಳದಿಯಾದ ಮೇಲೆ ತಂದ ಎಲೆಯನ್ನು ನೋಡಿ ಕಾರಣ ಹೇಳುವುದು ಅನುಭವಸ್ಥರಿಗೂ ಕಷ್ಟ. ರೈತನ ನೆನಪೂ ಅಷ್ಟಾಗಿ ನೆರವಾಗದು. ದಿನವೂ ನೋಡುವವನ ಕಣ್ಣಿಗೆ ನಿಧಾನವಾದ ಬದಲಾವಣೆ ಬೀಳುವುದೇ ಕಡಿಮೆ. ಆದರೆ ಫೋನಿನಲ್ಲಿ ಹದಿನೈದು ದಿನಗಳ ಹದಿನೈದು ಚಿತ್ರಗಳಿದ್ದರೆ ಹಿಂದಕ್ಕೆ ಸರಿಸುತ್ತ ಹೋಗಿ ಹಳದಿ ಎಲ್ಲಿಂದ ಹೊರಟಿತೆಂದು ನೋಡಬಹುದು. ಕೆಲವೊಮ್ಮೆ ಕಾರಣವೇ ಚಿತ್ರದಲ್ಲಿ ಸಿಗುತ್ತದೆ. ಐದಾರು ದಿನ ಹಿಂದಿನ ಚಿತ್ರದಲ್ಲಿ ಸಾಲುಗಳ ನಡುವೆ ನೀರು ನಿಂತಿದ್ದರೆ, ಬೇರಿಗೆ ಗಾಳಿಯಾಡದೆ ಗಿಡ ಹಳದಿಯಾಗಿರುವ ಸಂಭವವೇ ಹೆಚ್ಚು. ಆಗ ಯೂರಿಯಾ ಚೀಲ ತರುವ ಮೊದಲು ಬಸಿಗಾಲುವೆ ತೆಗೆಯಬೇಕು.

ಮುಸುಕಿನ ಜೋಳದ ಫಾಲ್ ಸೈನಿಕ ಹುಳುವಿನ ವಿಷಯದಲ್ಲಂತೂ ದಿನಗಳ ಲೆಕ್ಕ ಬಹು ಮುಖ್ಯ. ಭಾರತದಲ್ಲಿ ಇದು ಮೊದಲು ವರದಿಯಾದದ್ದು ಕರ್ನಾಟಕದಲ್ಲಿಯೇ, 2018ರಲ್ಲಿ. ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆಯುತ್ತದೆ. ಮರಿಹುಳುಗಳು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆಯ ಮೇಲೆ ತೆಳು ಕಾಗದದಂಥ ಬಿಳಿ ಮಚ್ಚೆಗಳು ಕಾಣುತ್ತವೆ. ಕ್ರಮ ಕೈಗೊಳ್ಳಲು ಇದೇ ಸಕಾಲ. ಹುಳು ದೊಡ್ಡದಾಗಿ ಸುಳಿಯೊಳಗೆ ಸೇರಿ, ಮರದ ಹೊಟ್ಟಿನಂಥ ಹಿಕ್ಕೆ ಕಾಣುವ ಹೊತ್ತಿಗೆ ಸಿಂಪರಣೆ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಚಿತ್ರ ತೆಗೆಯುವ ನೆಪದಲ್ಲಾದರೂ ದಿನವೂ ಅದೇ ನಾಲ್ಕು ಗಿಡಗಳ ಮುಂದೆ ಬಗ್ಗಿ ನಿಲ್ಲುವವನಿಗೆ ಬಿಳಿ ಮಚ್ಚೆ ತಪ್ಪುವುದು ಕಡಿಮೆ. ಫೋನಿಗಿಂತ ಈ ಬಗ್ಗುವಿಕೆಯಿಂದಲೇ ಹೆಚ್ಚು ಲಾಭ ಎಂದರೂ ತಪ್ಪಲ್ಲ.

ಎಲ್ಲಿ ನಿಲ್ಲಬೇಕು?

ಹವಾಮಾನ ವೀಕ್ಷಣಾಲಯಗಳಲ್ಲಿ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೇ ಅಳೆಯುತ್ತಾರೆ. ಹೊತ್ತು ಬದಲಾದರೆ ಒಂದು ದಿನದ ಲೆಕ್ಕವನ್ನು ಇನ್ನೊಂದು ದಿನದೊಡನೆ ಹೋಲಿಸಲಾಗದು. ಚಿತ್ರಕ್ಕೂ ಇದೇ ನಿಯಮ. ಹಾಲು ಡೇರಿಗೆ ಹಾಕಿ ಬಂದ ಮೇಲೆ, ಇಲ್ಲವೇ ದನ ಕಟ್ಟುವ ಮುಂಚೆ, ಹೀಗೆ ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಇದನ್ನು ಗಂಟುಹಾಕಿಕೊಂಡರೆ ಮರೆವು ಬಾಧಿಸದು. ಸೂರ್ಯ ಬೆನ್ನ ಹಿಂದಿರಬೇಕು. ಬೆಳಗಿನಲ್ಲಿ ತೆಗೆಯುವವರು ಪಶ್ಚಿಮಕ್ಕೆ ಮುಖಮಾಡಿ ನಿಲ್ಲುವ ಜಾಗವನ್ನು ಆರಿಸಿಕೊಳ್ಳಬೇಕು. ಇಳಿಬಿಸಿಲಿನಲ್ಲಿ ಆರೋಗ್ಯದ ಎಲೆಯೂ ಹಳದಿಯಾಗಿ ಕಾಣುತ್ತದೆ.

ಬದುವಿನ ಮೇಲೆ ನಿಲ್ಲುವ ಜಾಗಕ್ಕೆ ಒಂದು ಕಲ್ಲು ಹೂಳಬೇಕು. ಎದುರಿಗೆ, ಬೆಳೆಯ ನಡುವೆ, ಆಳೆತ್ತರದ ಬಿದಿರು ಗಳು ನೆಟ್ಟು ಅರ್ಧ ಅಡಿಗೊಂದರಂತೆ ಸುಣ್ಣದ ಪಟ್ಟೆ ಹಾಕಬೇಕು. ಗಳುವಿನಿಂದ ಬೆಳೆಯ ಎತ್ತರ ತಿಳಿಯುತ್ತದೆ. ಬಿಳಿ ಪಟ್ಟೆಯಿಂದ ಇನ್ನೊಂದು ಉಪಯೋಗವೂ ಇದೆ: ಫೋನು ಬಣ್ಣವನ್ನು ತನಗೆ ತಿಳಿದಂತೆ ತಿದ್ದುವುದುಂಟು, ಚಿತ್ರದಲ್ಲಿ ಸುಣ್ಣವೂ ಹಳದಿಯಾಗಿ ಕಂಡರೆ ತಪ್ಪು ಎಲೆಯದಲ್ಲ ಎಂದು ತಿಳಿಯಬಹುದು. ಚಿತ್ರವನ್ನು ಚೆಂದಗಾಣಿಸುವ ಸೌಲಭ್ಯಗಳನ್ನು ಮುಟ್ಟಲೇಬಾರದು. ಮಸೂರವನ್ನು ಪಂಚೆಯ ಚುಂಗಿನಿಂದ ಒರೆಸಿಕೊಂಡರೆ ಅರ್ಧ ಮಸುಕು ಹೋಗುತ್ತದೆ.

ಏನಾದರೂ ಬಾಧೆ ಕಂಡ ದಿನ ಒಂದು ಚಿತ್ರ ಸಾಲದು. ಹೊಲದ್ದೊಂದು, ಇಡೀ ಗಿಡದ್ದೊಂದು, ಬಾಧೆಗೊಂಡ ಭಾಗದ್ದೊಂದು, ಹೀಗೆ ಮೂರು ಬೇಕು. ವಿಸ್ತರಣಾ ಕಾರ್ಯಕರ್ತರ ಫೋನಿಗೆ ಬರುವ ಎಷ್ಟೋ ಚಿತ್ರಗಳು ಕಂದು ಬಣ್ಣದ ಒಂದು ಚೂರು ಎಲೆಯವು. ಅದು ಯಾವ ಬೆಳೆಯೆಂಬುದೂ ತಿಳಿಯುವುದಿಲ್ಲ.

ಬೆಳೆವಿಮೆ ಮತ್ತು ಸಮೀಕ್ಷೆ

2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ಭೂಕುಸಿತ, ಹೊಲ ಮುಳುಗಡೆಯಂಥ ಸ್ಥಳೀಯ ವಿಕೋಪಗಳಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಅನಂತರ ಆ ರೈತನ ಹೊಲವನ್ನೇ ಪರಿಶೀಲಿಸಿ ನಷ್ಟವನ್ನು ನಿರ್ಧರಿಸುತ್ತಾರೆ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಅಕಾಲಿಕ ಮಳೆಯಿಂದ ಹಾನಿಯಾದರೂ ಪರಿಹಾರಕ್ಕೆ ಅವಕಾಶವಿದೆ. ಆದರೆ ಕೊಯ್ಲಾದ 14 ದಿನಗಳವರೆಗೆ ಮಾತ್ರ. ಇಲ್ಲಿ ಕೊಯ್ದ ದಿನ ಯಾವುದೆಂಬ ಪ್ರಶ್ನೆ ಏಳುತ್ತದೆ. ಮಳೆಗೆ ಮುಂಚಿನ ದಿನ ನಿಂತ ತೆನೆ, ಕೊಯ್ದ ದಿನದ ಹರವು, ಮಳೆಯ ಮರುದಿನದ ಮೊಳಕೆ, ಇಷ್ಟೂ ದಿನಾಂಕದೊಡನೆ ಇದ್ದವನ ಮಾತಿಗೂ ಬರಿಗೈಯಲ್ಲಿ ನಿಂತವನ ಮಾತಿಗೂ ವ್ಯತ್ಯಾಸವಿದೆ. ಪರಿಶೀಲನೆಗೆ ಬರುವ ಹೊತ್ತಿಗೆ ನಿಂತ ನೀರು ಇಳಿದುಹೋಗಿರುತ್ತದೆ. ಆಲಿಕಲ್ಲಂತೂ ಒಂದು ಗಂಟೆಯೂ ಉಳಿಯದು.

ಆದರೆ ಒಂದು ಮಾತು. ಬರಗಾಲದಂಥ ವ್ಯಾಪಕ ನಷ್ಟದಲ್ಲಿ ಪರಿಹಾರ ನಿರ್ಧಾರವಾಗುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಇಳುವರಿಯ ಲೆಕ್ಕದ ಮೇಲೆ. ಅಲ್ಲಿ ಒಬ್ಬ ರೈತನ ಚಿತ್ರಗಳಿಂದ ಲೆಕ್ಕ ಬದಲಾಗದು. ಚಿತ್ರವಿದ್ದರೆ ಪರಿಹಾರ ಖಂಡಿತ ಎಂದು ಯಾರಾದರೂ ಹೇಳಿದರೆ ನಂಬಬಾರದು.

ಬೆಳೆ ಸಮೀಕ್ಷೆಯಲ್ಲಿ ಮಾತ್ರ ಚಿತ್ರವೇ ಮುಖ್ಯ. ಕರ್ನಾಟಕದಲ್ಲಿ 2020ರ ಮುಂಗಾರಿನಲ್ಲಿ ರೈತರು ತಾವೇ ಮೊಬೈಲ್ ಆ್ಯಪ್ ಮೂಲಕ ತಮ್ಮ ಬೆಳೆಯ ವಿವರ ಹಾಗೂ ಚಿತ್ರ ಸೇರಿಸುವ ವ್ಯವಸ್ಥೆ ಬಂದಿತು. ರಾಗಿ ಬೆಳೆದ ಸರ್ವೆ ನಂಬರಿನಲ್ಲಿ ಬೇರೆ ಬೆಳೆ ನಮೂದಾಗಿಬಿಟ್ಟರೆ ಬೆಂಬಲ ಬೆಲೆಯ ಖರೀದಿಯಲ್ಲೂ ವಿಮೆಯಲ್ಲೂ ತೊಡಕು. ಸಮೀಕ್ಷೆಯ ಸಮಯದಲ್ಲಿಯೇ ನೋಡಿ ಆಕ್ಷೇಪಣೆ ಸಲ್ಲಿಸಬೇಕು. ಆಗ ಬಿತ್ತನೆಯಿಂದ ಕೊಯ್ಲಿನವರೆಗಿನ ಚಿತ್ರಗಳು ಕೈಯಲ್ಲಿದ್ದರೆ ಅನುಕೂಲ.

ಫೋನಿನ ಸೆಟ್ಟಿಂಗಿನಲ್ಲಿ ಕ್ಯಾಮರಾಕ್ಕೆ ಸ್ಥಳ ಗುರುತಿಸುವ ಅನುಮತಿ ಕೊಟ್ಟಿರಬೇಕು. ತೆಗೆದ ದಿನ, ಗಂಟೆ, ಸ್ಥಳ ಮೂರೂ ಚಿತ್ರದ ಕಡತದಲ್ಲಿಯೇ ಸೇರಿಕೊಳ್ಳುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಈ ವಿವರ ಕಳೆದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು, ಮೂಲ ಚಿತ್ರವನ್ನು ಅಳಿಸಬಾರದು.

ಅಂಗಳದ ಚಿತ್ರ

ಹೊಲ ಖಾಲಿ ಬಿದ್ದ ತಿಂಗಳುಗಳಲ್ಲಿ ಅಂಗಳವಿದ್ದೇ ಇದೆ. ಬಣವೆಯನ್ನೇ ತೆಗೆದುಕೊಳ್ಳಿ. ಸಂಕ್ರಾಂತಿಯ ಬಣವೆ ಯುಗಾದಿಗೆ ಎಷ್ಟು ಕರಗಿತೆಂದು ಚಿತ್ರದಲ್ಲಿ ಕಂಡರೆ, ಮುಂಗಾರಿನ ಹಸಿಹುಲ್ಲು ಬರುವವರೆಗೆ ಅದು ಸಾಲುವುದೇ ಇಲ್ಲವೇ ಎಂಬುದನ್ನು ಮೇವು ಅಗ್ಗವಿರುವಾಗಲೇ ತಿಳಿಯಬಹುದು. ಹಿತ್ತಿಲಿನ ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಡುತ್ತದೆ. ಹೊಂಬಾಳೆ ಒಡೆದದ್ದರಿಂದ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಈ ವರ್ಷ ಕಾಯಿ ಏಕೆ ಕಡಿಮೆ ಎಂಬುದಕ್ಕೆ ಉತ್ತರ ಹೋದ ವರ್ಷದ ಬೇಸಿಗೆಯ ಚಿತ್ರದಲ್ಲಿರಬಹುದು. ಹಸು ಬೆದೆಗೆ ಬಂದ ದಿನದ ಚಿತ್ರವೊಂದಿದ್ದರೆ 21 ದಿನ ಎಣಿಸಿ ಮುಂದಿನದನ್ನು ಕಾಯಬಹುದು. ಬಾವಿಯಿದ್ದವರು ಗೋಡೆಗೆ ಅಡಿಯ ಗುರುತು ಬರೆದು ನೀರಿನ ಮಟ್ಟವನ್ನು ಸೆರೆಹಿಡಿಯಲಿ.

ಈ ಕೆಲಸಕ್ಕೆ ಮನೆಯ ಮಕ್ಕಳು ತಕ್ಕವರು. ಆದರೆ ಅಂಗಳವನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರು ಹೆಂಗಸರು. ಕೋಳಿಗೆ ಕಾಯಿಲೆ ತಗಲಿದ್ದನ್ನು, ಕರು ಮೊಲೆ ಬಿಟ್ಟದ್ದನ್ನು ಮೊದಲು ಕಾಣುವವರು ಅವರೇ. ಫೋನು ಗಂಡಸರ ಜೇಬಿನಲ್ಲಿಯೇ ಉಳಿದರೆ ದಾಖಲೆ ಅರ್ಧವೇ. ಚಿತ್ರದಲ್ಲಿ ಮನುಷ್ಯರು ಬಂದರೆ ಬರಲಿ. ಬಣವೆಯ ಪಕ್ಕದಲ್ಲಿ ತಾತ ನಿಂತಿದ್ದರೆ ಬಣವೆಯ ಎತ್ತರವೂ ತಿಳಿಯಿತು, ಹತ್ತು ವರ್ಷದ ಮೇಲೆ ತಾತನೂ ಸಿಕ್ಕಂತಾಯಿತು.

ಕಾಪಾಡುವುದು

ಚಿತ್ರವೊಂದಕ್ಕೆ 3 ಎಂಬಿ ಎಂದು ಹಿಡಿದರೆ ವರ್ಷದ 365 ಚಿತ್ರಗಳಿಗೆ ಸುಮಾರು 1.1 ಜಿಬಿ ಜಾಗ ಸಾಕು. 32 ಜಿಬಿಯ ಒಂದು ಕಾರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಿಡಿಸುತ್ತದೆ, ಕಾರ್ಡು ಅಷ್ಟು ಕಾಲ ಬಾಳಿದರೆ. ಅದು ಬಾಳುವ ಭರವಸೆಯಿಲ್ಲ; ಫೋನು ಬಾವಿಗೆ ಬೀಳುವುದೂ ಉಂಟು. ಆದ್ದರಿಂದ ಹಂಗಾಮು ಮುಗಿದಾಗಲೊಮ್ಮೆ ಇನ್ನೊಂದು ಕಡೆ ನಕಲು ಇಡಬೇಕು. ಊರಿಗೆ ಹೋಗಿ ನಾಲ್ಕು ದಿನ ತಪ್ಪಿದರೆ ಕೈಬಿಡಬೇಕಾಗಿಲ್ಲ, ಬಂದ ದಿನದಿಂದ ಮುಂದುವರಿಸಿದರಾಯಿತು. ತಿಂಗಳಿಗೊಂದು ಚಿತ್ರವನ್ನು ಪೇಟೆಯಲ್ಲಿ ಮುದ್ರಿಸಿ ಹೊಲದ ಲೆಕ್ಕದ ಪುಸ್ತಕಕ್ಕೆ ಅಂಟಿಸುವುದು ಒಳ್ಳೆಯದು. ಅಂಟಿಸುವ ಮೊದಲು ಹಿಂಬದಿಯಲ್ಲಿ ದಿನಾಂಕ, ಸರ್ವೆ ನಂಬರು, ಬೆಳೆಯ ಹೆಸರನ್ನು ಮೆತ್ತನೆಯ ಪೆನ್ಸಿಲ್ಲಿನಿಂದ ಬರೆದು, ಅದನ್ನೇ ಚಿತ್ರದ ಕೆಳಗೆ ಪುಸ್ತಕದಲ್ಲಿಯೂ ಬರೆಯಬೇಕು. ಪೆನ್ನಿನ ಶಾಯಿ ಕ್ರಮೇಣ ಮುಂಬದಿಗೆ ಇಳಿಯುತ್ತದೆ.