ಮೂರು ಬಾರಿ ಹೇಳಿದರೂ ತಲುಪದ ಮಾತು

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ಇಳಿಯಲು ಹೊರಟಾಗ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್‌ಗೆ ಅದು ಗೊತ್ತಾಗಿತ್ತು. ಈಗ ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು ಅವರು ಮೂರು ಬಾರಿ ಹೇಳಿದರು. ವಿಮಾನದೊಳಗಿನ ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಹಾರಾಟದ ಬಹುಹೊತ್ತು ನಿದ್ದೆ ಮಾಡಿ ಎದ್ದಿದ್ದ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಗುಡ್ಡದ ನೆತ್ತಿಯ ಮೇಲಿನ ನಿಲ್ದಾಣ ಅದು. ರನ್‌ವೇ ಮುಗಿದರೆ ಮುಂದೆ ಕಮರಿ. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು.

ಸಹ ಪೈಲಟ್ ಬಾಯಲ್ಲಿ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಅಂಥ ಹೊತ್ತಿನಲ್ಲಿ ಕಿರಿಯರಿಗೆ ಎಷ್ಟು ಅಧಿಕಾರವಿದೆ ಎಂಬ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆ ಇರದಿದ್ದುದು ಇದಕ್ಕೆ ಕಾರಣವಿರಬಹುದು ಎಂದು ತನಿಖಾ ವರದಿ ಹೇಳುತ್ತದೆ. ಆ ಸಹ ಪೈಲಟ್‌ರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರು ಹೇಳಿದ್ದರು. ಕೆಲಸದ ಜಾಗದಲ್ಲಿ ಬಾಯಿ ಬಿಡಬೇಕು, ಧೈರ್ಯ ಬೇಕು ಎಂದು ನಾವು ಕಿರಿಯರಿಗೇ ಉಪದೇಶ ಮಾಡುತ್ತೇವೆ. ಮಾತು ಹುಟ್ಟುವುದೂ ಸಾಯುವುದೂ ಕೇಳುವವರ ಕಡೆಯಿಂದ ಎನ್ನುವುದನ್ನು ಮರೆಯುತ್ತೇವೆ.

ವಿಮಾನಯಾನಕ್ಕೆ ಈ ಪಾಠ ಹೊಸದಾಗಿರಲಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಕೆಎಲ್‌ಎಂ ಸಂಸ್ಥೆಯ ವಿಮಾನ ಮೇಲೇರಲು ಓಡತೊಡಗಿತ್ತು. ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನ ಇನ್ನೂ ಪಕ್ಕಕ್ಕೆ ಸರಿದಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಕ್ಯಾಪ್ಟನ್ ಸಾಮಾನ್ಯರಲ್ಲ, ಉಳಿದ ಪೈಲಟ್‌ಗಳಿಗೆ ತರಬೇತಿ ಕೊಡುವವರು, ಕಂಪನಿಯ ಜಾಹೀರಾತಿನಲ್ಲಿ ಮುಖ ಕಾಣಿಸುತ್ತಿದ್ದವರು. ಸರಿದಿದೆ ಎಂದು ಅವರು ಖಡಾಖಂಡಿತವಾಗಿ ಹೇಳಿದ ಮೇಲೆ ಎಂಜಿನಿಯರ್ ಮತ್ತೆ ಮಾತಾಡಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ಡಿಕ್ಕಿಯಾಗಿ 583 ಜನ ಸತ್ತರು. ತಿಳಿದದ್ದನ್ನು ತಿಳಿದಿದೆ ಎನ್ನಲಾಗದೆ, ಎಚ್ಚರಿಕೆಯನ್ನು ಪ್ರಶ್ನೆಯಾಗಿ ಮೆತ್ತಗೆ ಮುಂದಿಡುವುದು ಕೆಳಗಿನ ಕುರ್ಚಿಯಲ್ಲಿ ಕೂತವರ ಅಭ್ಯಾಸ. 'ಇದು ತಪ್ಪು ಸರ್' ಎನ್ನಬೇಕಾದಲ್ಲಿ 'ಸರ್, ಇದನ್ನೊಮ್ಮೆ ನೋಡಬಹುದೇನೋ' ಎನ್ನುತ್ತೇವೆ.

1979ರಲ್ಲಿ ಅಮೆರಿಕದ ನಾಸಾ ಈ ಬಗೆಯ ಅಪಘಾತಗಳ ಕುರಿತು ಕಾರ್ಯಾಗಾರ ನಡೆಸಿತು. ಮುಂದೆ ಕಾಕ್‌ಪಿಟ್ ಸಿಬ್ಬಂದಿಗೆ ಒಟ್ಟಾಗಿ ಕೆಲಸ ಮಾಡುವ ತರಬೇತಿ ಶುರುವಾಯಿತು. ಕಿರಿಯರು ನೇರವಾಗಿ ಹೇಳಬೇಕು, ಹಿರಿಯರು ಕೇಳಿಸಿಕೊಳ್ಳಬೇಕು. ಎರಡನೆಯದೇ ಕಷ್ಟದ ಪಾಠ.

ನಮ್ಮ ಆಫೀಸುಗಳಲ್ಲಿ ತಪ್ಪಿನ ಬೆಲೆ ಇಷ್ಟು ಬೇಗ, ಇಷ್ಟು ಭೀಕರವಾಗಿ ಕಾಣುವುದಿಲ್ಲ. ಆದರೆ ಬಾಯಿ ಕಟ್ಟುವ ಮನಸ್ಸಿನ ಲೆಕ್ಕಾಚಾರ ಅದೇ. ಫೈಲ್ ಹಿಡಿದು ಬಂದವರು ಮೊದಲು ಅಟೆಂಡರ್‌ನ ಬಳಿ 'ಸಾಹೇಬ್ರ ಮೂಡ್ ಹೇಗಿದೆ?' ಎಂದು ವಿಚಾರಿಸುತ್ತಾರೆ. ಸಾಫ್ಟ್‌ವೇರ್ ಪ್ರಾಜೆಕ್ಟ್‌ನ ವಾರದ ವರದಿಯಲ್ಲಿ ಎಲ್ಲವೂ ಹಸಿರು. ಡೆಡ್‌ಲೈನ್‌ಗೆ ನಾಲ್ಕು ದಿನ ಇರುವಾಗ ಒಮ್ಮೆಲೇ ಕೆಂಪು. ತಂಡದ ಹುಡುಗ ಹುಡುಗಿಯರಿಗೆ ತಿಂಗಳ ಹಿಂದೆಯೇ ಗೊತ್ತಿರುತ್ತದೆ. ಹೇಳಿದರೆ ಇವತ್ತೇ ಬೈಗುಳ ತಿನ್ನಬೇಕಾದವರು ಅವರು. ಹೇಳಿದ್ದರಿಂದ ಆಗುವ ಲಾಭವೋ ಎಂದೋ ಒಂದು ದಿನ ಕಂಪನಿಗೆ. ಇಂಥ ಲೆಕ್ಕದಲ್ಲಿ ಸುಮ್ಮನಿರುವುದು ಹೇಡಿತನವಲ್ಲ, ವ್ಯವಹಾರಜ್ಞಾನ. ಚಿಕ್ಕಂದಿನಿಂದ ದೊಡ್ಡವರಿಗೆ ಎದುರು ಮಾತಾಡಬಾರದು ಎಂದೇ ಬೆಳೆದ ನಮಗೆ ಅದು ಇನ್ನಷ್ಟು ಸುಲಭ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದ್ದು ಇಲ್ಲಿ ನೆನಪಾಗುತ್ತದೆ. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದು ಅವರು ಎಣಿಸಿದ್ದರು. ಅಂಕಿಅಂಶ ತಿರುವುಮುರುವಾಗಿ ಬಂತು: ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು! ಒಳಹೊಕ್ಕು ನೋಡಿದಾಗ ತಿಳಿದದ್ದು, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು. ಉಳಿದ ವಾರ್ಡುಗಳಲ್ಲಿ ದಂಡನೆಯ ಭಯಕ್ಕೆ ಎಲ್ಲವೂ ಒಳಗೇ ಉಳಿಯುತ್ತಿತ್ತು. ಹೇಳಿದರೆ ಅವಮಾನವಾಗುವುದಿಲ್ಲ ಎಂಬ ಈ ನಂಬಿಕೆಯನ್ನು ಅವರು 1999ರ ಪ್ರಬಂಧದಲ್ಲಿ ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯಾಗಿ ಮುಂದಿಟ್ಟರು. ಗೂಗಲ್ 2012ರಲ್ಲಿ ತನ್ನ ತಂಡಗಳನ್ನು ಪರೀಕ್ಷಿಸಿದಾಗಲೂ, ಯಾರು ಯಾರಿದ್ದಾರೆ ಎಂಬುದಕ್ಕಿಂತ ಈ ನಂಬಿಕೆ ಇದೆಯೇ ಇಲ್ಲವೇ ಎಂಬುದೇ ಹೆಚ್ಚು ಮುಖ್ಯವಾಗಿ ಕಂಡಿತು. ದೂರು ಕಡಿಮೆ ಬರುವ ವಿಭಾಗವನ್ನು ಹೊಗಳುವ ಪ್ರತಿಯೊಬ್ಬ ಮೇಲಧಿಕಾರಿಯೂ ಆ ಆಸ್ಪತ್ರೆಯ ಕಥೆ ಓದಬೇಕು.

ಭಯದಷ್ಟೇ ಬಲವಾದ ಇನ್ನೊಂದು ಕಾರಣವಿದೆ. ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. 'ಹೇಳಿ ಏನು ಪ್ರಯೋಜನ? ನಮಗ್ಯಾಕೆ ಈ ಉಸಾಬರಿ?' ಎಂಬ ಬೇಸರ. ಯಾರೂ ಗದರಿಸಿರುವುದಿಲ್ಲ, ನೋಡೋಣ ಎಂದಿರುತ್ತಾರೆ, ಆಮೇಲೆ ಏನೂ ಆಗಿರುವುದಿಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ಮನುಷ್ಯ ಬಾಯಿ ತೆರೆಯುವುದಿಲ್ಲ. ಒಳ್ಳೆಯ ಸ್ವಭಾವದ ಮ್ಯಾನೇಜರ್‌ಗಳ ತಂಡಗಳೂ ಮೌನವಾಗುವುದು ಹೀಗೆಯೇ. ಭಯ ಹೋಗಲು ಒಂದು ಒಳ್ಳೆಯ ಮಾತು ಸಾಕಾಗಬಹುದು, ಈ ಬೇಸರ ಹೋಗಲು ಕೆಲಸ ಆಗಿ ತೋರಬೇಕು.

ಟೊಯೋಟಾ ಕಾರ್ಖಾನೆಗಳು ಇದಕ್ಕೆ ವ್ಯವಸ್ಥೆಯನ್ನೇ ಮಾಡಿಕೊಂಡವು. ಜೋಡಣೆಯ ಸಾಲಿನಲ್ಲಿ ನಿಂತ ಸಾಮಾನ್ಯ ಕೆಲಸಗಾರ ದೋಷ ಕಂಡೊಡನೆ ಹಗ್ಗ ಎಳೆಯುತ್ತಾನೆ, ದೀಪ ಹೊತ್ತುತ್ತದೆ, ತಂಡದ ನಾಯಕ ಅಲ್ಲಿಗೇ ಬರುತ್ತಾನೆ. ನಿಗದಿತ ಸಮಯದೊಳಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಳೆದವನ ಮಾತಿಗೆ ಕೂಡಲೇ ಒಬ್ಬರು ಓಡಿ ಬಂದರು ಎನ್ನುವುದರಲ್ಲಿ ಅದರ ಶಕ್ತಿಯಿದೆ. ಹಗ್ಗ ಮಾತ್ರ ಕಟ್ಟಿ ಯಾರೂ ಬಾರದಿದ್ದರೆ ಅದು ನಮ್ಮ ಕಚೇರಿಗಳ ಬಾಗಿಲಲ್ಲಿ ಧೂಳು ಹಿಡಿದ ಸಲಹಾ ಪೆಟ್ಟಿಗೆಯಾಗುತ್ತದೆ.

ಸೋಮವಾರದ ಮೀಟಿಂಗ್ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ಮೊದಲೇ ಹೇಳಿದರೆ ಉಳಿದವರು ತಲೆಯಾಡಿಸುತ್ತಾರೆ. 'ಏನಾದ್ರೂ ಸಮಸ್ಯೆ ಇದ್ಯಾ?' ಎಂದು ಕೇಳುವ ಬದಲು, ಈ ಕೆಲಸ ಎಲ್ಲಿ ಕೈಕೊಡಬಹುದು ಎಂದು ತಂಡಕ್ಕೆ ಹೊಸದಾಗಿ ಸೇರಿದವರಿಂದ ಶುರುಮಾಡಿ ಕೇಳಿ. ಯಾರಾದರೂ ಕೆಟ್ಟ ಸುದ್ದಿ ತಂದರೆ, 'ಇಷ್ಟು ದಿನ ಏನ್ ಮಾಡ್ತಿದ್ರಿ?' ಎನ್ನುವ ಮೊದಲು ಹೇಳಿದ್ದಕ್ಕೆ ಥ್ಯಾಂಕ್ಸ್ ಎನ್ನಿ. ಅವರು ಹೇಳಿದ ಮೇಲೆ ನೀವೇನು ಮಾಡಿದಿರಿ ಎನ್ನುವುದನ್ನು ಮುಂದಿನ ಸೋಮವಾರ ಅವರಿಗೇ ತಿಳಿಸಿ.