ಬಾತುಕೋಳಿಗೆ ದಾರಿ ಬಿಟ್ಟ ಮಂಗಳವಾರ

ಅಂದು 61ನೇ ದಿನ.

ಅಮೆರಿಕದಲ್ಲಿ ಎಂಎಸ್ ಮುಗಿಸಿದವರಿಗೆ ಓಪಿಟಿ ಎಂಬ ಕೆಲಸದ ಅನುಮತಿ ಸಿಗುತ್ತದೆ. ಆದರೆ ಅದು ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕೂರುವಂತಿಲ್ಲ. ಸಿಯಾಟಲ್‌ನ ಬಾಡಿಗೆ ಕೋಣೆಯ ಕ್ಯಾಲೆಂಡರ್ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಹಾಸನದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ 'ಊಟ ಆಯ್ತೇನೋ?' ಅನ್ನುತ್ತಿದ್ದರು. ಕೇಳಬೇಕಾದ್ದು ಅದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಬ್ಯಾಂಕಿನ ಸಾಲಕ್ಕೆ ಅಪ್ಪನ ಸಹಿ ಇತ್ತು.

ಆ ಮಂಗಳವಾರ ಸಂಜೆ ದಾವಣಗೆರೆಯ ರೂಮ್‌ಮೇಟ್ ಬಂದವನೇ, 'ಲ್ಯಾಪ್‌ಟಾಪ್ ಮುಚ್ಚಲೇ. ನಮ್ಮ ಲ್ಯಾಬಲ್ಲಿ ಒಬ್ರು ಹಾಯಿದೋಣಿ ಇಟ್ಕೊಂಡಾರೆ. ಇವತ್ತು ರೇಸ್‌ಗೆ ಇಬ್ಬರು ಆಳು ಬೇಕಂತೆ' ಎಂದ. ನನಗೆ ಈಜೂ ಸರಿಯಾಗಿ ಬರುವುದಿಲ್ಲ ಅಂದೆ. 'ಲೈಫ್ ಜಾಕೆಟ್ ಕೊಡ್ತಾರೆ, ಬಾ' ಅಂತ ಎಳೆದುಕೊಂಡೇ ಹೋದ.

ಸಿಯಾಟಲ್ ನಗರದ ಮಧ್ಯದಲ್ಲೇ ಲೇಕ್ ಯೂನಿಯನ್ ಎಂಬ ಸರೋವರವಿದೆ. ಸುತ್ತ ಕಚೇರಿಗಳು, ದಡದಲ್ಲಿ ತೇಲುವ ಮನೆಗಳು, ಉತ್ತರಕ್ಕೆ ಹಳೆಯ ಗ್ಯಾಸ್ ಕಾರ್ಖಾನೆಯನ್ನೇ ಉಳಿಸಿಕೊಂಡ ಪಾರ್ಕು. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳೂ ಇವೆ. ಬೇಸಿಗೆಯ ಮಂಗಳವಾರಗಳಂದು ಸಂಜೆ ಇಲ್ಲಿ ಹಾಯಿದೋಣಿಗಳ ಓಟ ನಡೆಯುತ್ತದೆ. ಹೆಸರು 'ಡಕ್ ಡಾಡ್ಜ್'. 1974ರಿಂದ ಬಂದ ರೂಢಿ. ವೇಗದ ದೋಣಿಗಳು, ನಿಧಾನದವು ಎಲ್ಲಕ್ಕೂ ಜಾಗವಿದೆ. ಕೆಲವು ವಾರ ಎಲ್ಲರೂ ವೇಷ ಹಾಕಿಕೊಂಡೂ ಬರುತ್ತಾರೆ. ಗೆದ್ದವರಿಗೆ ಕಪ್ಪೂ ಇಲ್ಲ, ದುಡ್ಡೂ ಇಲ್ಲ. ಬಾತುಕೋಳಿಯ ಚಿತ್ರವಿರುವ ಒಂದು ಸ್ಟಿಕ್ಕರ್ ಅಷ್ಟೇ. ಹೆಸರಿಗೆ ತಕ್ಕ ನಿಯಮವೊಂದಿದೆ: ನಿಮ್ಮಿಂದಾಗಿ ಬಾತುಕೋಳಿಯೊಂದು ತನ್ನ ದಾರಿ ಬದಲಿಸಿದರೆ ನೀವು ಓಟದಿಂದ ಔಟ್!

ನಮ್ಮ ದೋಣಿಯ ಒಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹೆಸರು ಹಿಡಿದೇ ಕರೆಯಿರಿ ಅಂದರು. ನನ್ನ ಬಾಯಿಗೆ ಬರಲಿಲ್ಲ. ಆಂಟಿ ಅನ್ನಲೂ ಆಗದೆ 'ಕ್ಯಾಪ್ಟನ್' ಅಂದೆ. ನಕ್ಕು, ಕೈಗೊಂದು ಹಗ್ಗ ಕೊಟ್ಟರು. 'ಎಳಿ ಅಂದಾಗ ಎಳಿ, ಬಿಡು ಅಂದಾಗ ಬಿಡು, ತಲೆ ಅಂದಾಗ ಬಗ್ಗು.' ಮೂರೇ ಪಾಠ.

ಹಾರ್ನ್ ಕೂಗಿತು. ಗಾಳಿ ಉತ್ತರದಿಂದ ಬೀಸುತ್ತಿತ್ತು, ನಾವು ಹೋಗಬೇಕಾದ್ದೂ ಉತ್ತರಕ್ಕೆ. ಆದರೆ ದೋಣಿಯ ಮೂತಿ ವಾಯವ್ಯಕ್ಕೆ. ಸ್ವಲ್ಪ ಹೊತ್ತಿಗೆ 'ತಲೆ!' ಎಂದರು. ಬಗ್ಗಿದೆ. ಹಾಯಿ ಪಟಪಟನೆ ಬಡಿದು ಆಚೆ ಮಗ್ಗುಲಿಗೆ ಹೊರಳಿತು. ಈಗ ಈಶಾನ್ಯಕ್ಕೆ. ದಾರಿ ತಪ್ಪಿತಲ್ಲ ಅಂದುಕೊಂಡು ಕೇಳಿಯೇಬಿಟ್ಟೆ. 'ಗಾಳಿಗೆ ನೇರ ಮುಖ ಕೊಟ್ಟರೆ ಹಾಯಿ ಬರೀ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹೋಗಬೇಕು, ಆಮೇಲೆ ಇನ್ನೊಂದು ಕಡೆಗೆ ಓರೆಯಾಗಿ. ಹೀಗೇ ಮೇಲೆ ಹೋಗೋದು' ಎಂದರು. ಓರೆಯಾಗಿ ಹೋದಾಗ ಹಾಯಿ ವಿಮಾನದ ರೆಕ್ಕೆಯಂತೆ ಉಬ್ಬಿ ದೋಣಿಯನ್ನು ಸೆಳೆಯುತ್ತದೆ. ನೀರಿನೊಳಗಿನ ಭಾರದ ಹಲಗೆ ಅದು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಎದುರು ಗಾಳಿಯಲ್ಲೇ ಮುಂದೆ ಹೋಗುವ ಈ ಉಪಾಯ ನೋಡಿ ಬೆರಗಾದೆ.

ನಾವು ಆರನೆಯವರಾಗಿ ತೇಲುವ ಗುರುತನ್ನು ಸಮೀಪಿಸುತ್ತಿದ್ದೆವು. ಆಗ ಎದುರಿಗೆ ತಾಯಿ ಬಾತು, ಹಿಂದೆ ಏಳು ಮರಿ. ಯಾರೂ ನೋಡುತ್ತಿರಲಿಲ್ಲ, ಸಣ್ಣ ಸಂದಿಯಲ್ಲಿ ನುಗ್ಗಬಹುದಿತ್ತು. ಕ್ಯಾಪ್ಟನ್ ಒಂದು ಕ್ಷಣವೂ ಯೋಚಿಸದೆ ಚುಕ್ಕಾಣಿ ತಿರುಗಿಸಿದರು. ಮೂರು ದೋಣಿಗಳು ನಮ್ಮನ್ನು ದಾಟಿ ಹೋದವು. ಅವರು ಬಾತುಗಳಿಗೆ ಟಾಟಾ ಮಾಡುತ್ತಿದ್ದರು. ಕೊನೆಗೆ ನಮ್ಮದು ಒಂಬತ್ತನೇ ಸ್ಥಾನ.

ಓಟ ಮುಗಿದ ಮೇಲೆ ದೋಣಿಗಳೆಲ್ಲ ಸರೋವರದ ನಡುವೆ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಂತವು. ಜೂನ್ ತಿಂಗಳಾದ್ದರಿಂದ ಒಂಬತ್ತಾದರೂ ಬೆಳಕಿತ್ತು. ಅವರವರ ತಿಂಡಿ ದೋಣಿಯಿಂದ ದೋಣಿಗೆ ಹೋಯಿತು. ನಮ್ಮ ಡಬ್ಬಿಯ ಚಿತ್ರಾನ್ನ ಐದೇ ನಿಮಿಷದಲ್ಲಿ ಖಾಲಿ. ಪಕ್ಕದ ದೋಣಿಯವರೊಬ್ಬರು, 'ಏನು ಕೆಲಸ ಮಾಡ್ತೀರಿ?' ಎಂದರು. ಎರಡು ತಿಂಗಳಿಂದ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಪ್ರಶ್ನೆ. ಉಗುರಿನ ಕೆಳಗೆ ಹಗ್ಗದ ಕೊಳೆ ಇತ್ತು, ಅಂಗೈ ಉರಿಯುತ್ತಿತ್ತು. 'ಕೆಲಸ ಹುಡುಕ್ತಾ ಇದೀನಿ' ಅಂದೆ. 'ಓಹೋ. ಮುಂದಿನ ಮಂಗಳವಾರ ಬರ್ತೀರಲ್ಲ?' ಅಂದರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮರುದಿನ ಕ್ಯಾಲೆಂಡರ್ ಬಿಟ್ಟು ನನ್ನ ಅರ್ಜಿಗಳ ಪಟ್ಟಿ ತೆಗೆದೆ. ಎಲ್ಲವೂ ಅದೇ ನಾಲ್ಕೈದು ದೊಡ್ಡ ಕಂಪನಿಗಳಿಗೆ, ಅದೇ ಹುದ್ದೆಗೆ, ಅದೇ ರೆಸ್ಯೂಮೆ. ಗಾಳಿಗೆ ನೇರ ಮುಖ ಕೊಟ್ಟು ನಿಂತಿದ್ದೆ. ಅಂದಿನಿಂದ ಸಣ್ಣ ಸಂಸ್ಥೆಗಳಿಗೆ, ಗುತ್ತಿಗೆ ಕೆಲಸಗಳಿಗೆ, ಊರಾಚೆಯ ಕಚೇರಿಗಳಿಗೂ ಬರೆಯತೊಡಗಿದೆ. ಅಮ್ಮನಿಗೆ ಫೋನ್ ಮಾಡಿ, 'ಇನ್ನೂ ಸಿಕ್ಕಿಲ್ಲ ಅಮ್ಮ, ಇಷ್ಟು ದಿನ ಉಳಿದಿದೆ' ಅಂತ ನಾನೇ ಹೇಳಿದೆ. ಅತ್ತಲಿಂದ, 'ಹೇಳಿದ್ಯಲ್ಲ, ಸಾಕು' ಎಂಬ ಮಾತು ಬಂತು.

83ನೇ ದಿನ ಆರು ತಿಂಗಳ ಗುತ್ತಿಗೆ ಕೆಲಸವೊಂದು ಸಿಕ್ಕಿತು. ಬಯಸಿದ್ದಲ್ಲ, ಆದರೆ ದೋಣಿ ನಿಲ್ಲಲಿಲ್ಲ. ಅದನ್ನು ಓಟ ಕೊಡಿಸಲಿಲ್ಲ, ಆ ದೋಣಿಗಳಲ್ಲಿದ್ದ ಯಾರೂ ಕೊಡಿಸಲಿಲ್ಲ. ಆದರೆ ವಾರಕ್ಕೊಂದು ಸಂಜೆ, ಸೋತರೂ ಏನೂ ಕಳೆದುಕೊಳ್ಳದ ಜಾಗ ಸಿಕ್ಕಿದ್ದರಿಂದ ಉಳಿದ ಆರು ದಿನ ಸೋಲನ್ನು ಎದುರಿಸಲು ಆಯಿತು. ಗೆಳೆಯರೇ, ನಿಮ್ಮೂರಲ್ಲೂ ಅಂಥದ್ದೊಂದು ಇರುತ್ತದೆ. ವಾಲಿಬಾಲ್ ಅಂಗಳವೋ, ಭಜನೆ ಮನೆಯೋ, ಕೆರೆ ಏರಿಯೋ. ಕೆಲಸ ಸಿಕ್ಕ ಮೇಲೆ ಹೋಗೋಣ ಅಂತ ಮುಂದೂಡಬೇಡಿ.

ಬಾತುಕೋಳಿ ಸ್ಟಿಕ್ಕರ್ ನಮಗಿನ್ನೂ ಸಿಕ್ಕಿಲ್ಲ. ಮಂಗಳವಾರ ಮತ್ತೆ ಬರುತ್ತದೆ.